ಮುದಕಪ್ಪನ ಉಗುರುಗಲ್ಲು

ಗೋಡೆ ಸಿಕ್ಕವರು ಗೋಡೆಗೆ ಒರಗಿ ಕೂತುಕೊಳ್ಳಿ, ನಗು ತಡೆಯಲಾರದವರು ಬಾಗಿಲ ಹತ್ತಿರ ಕೂತುಕೊಳ್ಳಿ. ನಾನು ಹೇಳುವುದು ಸಾಣಿಕೊಪ್ಪದ ನೀಲವ್ವನ ಕತೆ. ಅವಳ ಮಗನ ಕತೆ ಅಂತ ಊರವರು ಹೇಳುತ್ತಾರೆ. ಆದರೆ ಪೆದ್ದತನ ಮಾಡಿದವನಿಗೆ ಏನೂ ಆಗಲಿಲ್ಲ, ಮುಖ ಮುಚ್ಚಿಕೊಂಡು ತಿರುಗಿದವಳು ಅವಳು. ಹಾಗಾಗಿ ಕತೆ ಅವಳದೇ.

ಸಾಣಿಕೊಪ್ಪ ಇರುವುದು ಹೊಳೆ ದಂಡೆಯ ಮೇಲೆ. ಊರಿಗೆಲ್ಲ ಒಂದೇ ಕಸುಬು. ಹೊಳೆಯಲ್ಲಿ ಸಿಗುವ ಬಣ್ಣದ ಕಲ್ಲು ಹೆಕ್ಕಿ ತರುವುದು, ಸಾಣೆಗೆ ಹಿಡಿಯುವುದು, ತಿಕ್ಕಿ ತಿಕ್ಕಿ ಹರಳು ಮಾಡುವುದು. ನೀಲವ್ವನ ಗಂಡನೂ ಅದೇ ಮಾಡಿ, ಮೂರು ವರ್ಷದ ಹಿಂದೆ ತೀರಿಹೋಗಿದ್ದ. ಅವನು ಬಿಟ್ಟು ಹೋದದ್ದು ಮೂರು. ಕಾಲಿನಿಂದ ತುಳಿಯುವ ಸಾಣೆ ಒಂದು, ನಿಂಬೆಕಾಯಿ ಗಾತ್ರದ ಪಟ್ಟೆಗಲ್ಲು ಒಂದು, ಮಗ ಒಬ್ಬ. ಸಾಣೆಗೆ ಅವಳು ಗೋಣಿತಟ್ಟು ಹೊದಿಸಿದಳು. ಕಪ್ಪು ಮೈಗೆ ಬಿಳಿ ಗೆರೆ ಸುತ್ತಿದ ಕಲ್ಲನ್ನು ಜೋಳದ ಗಡಿಗೆಯಲ್ಲಿ ಬಚ್ಚಿಟ್ಟಳು. ಮಗನನ್ನು ಎಲ್ಲಿ ಬಚ್ಚಿಡುವುದು ಎಂದು ತಿಳಿಯಲಿಲ್ಲ.

ಮಗನ ಹೆಸರು ಮುದಕಪ್ಪ. ಮುತ್ತಜ್ಜನ ಹೆಸರು. ವಯಸ್ಸು ಇಪ್ಪತ್ತೆರಡು, ಮೀಸೆ ಬಂದಿತ್ತು, ಎರಡು ಮೂಟೆ ಜೋಳ ಒಂದೇ ಹೆಗಲಿಗೆ ಏರಿಸುತ್ತಿದ್ದ. ಹೇಳಿದ ಮಾತನ್ನು ಮೀರಿದವನಲ್ಲ. ಅದೇ ತೊಂದರೆ. ಹೇಳಿದಷ್ಟನ್ನೇ ಮಾಡುತ್ತಿದ್ದ, ಹೇಳಿದ ಹಾಗೇ ಮಾಡುತ್ತಿದ್ದ, ನಿಲ್ಲಿಸು ಅನ್ನುವ ತನಕ ಮಾಡುತ್ತಿದ್ದ. ಹಾಲು ಉಕ್ಕುತ್ತದೇನೋ ನೋಡು ಅಂದರೆ ಉಕ್ಕುವುದನ್ನು ನೋಡುತ್ತಿದ್ದ. ಪೂರ್ತಿ ಉಕ್ಕಿ ಒಲೆ ಆರುವವರೆಗೆ, ಕಣ್ಣು ಕದಲಿಸದೆ.

ಸಾಣಿಕೊಪ್ಪದಲ್ಲಿ ಒಂದು ಕಟ್ಟಳೆ. ಅಪ್ಪನ ಸಾಣೆಗೆ ಮಗ ಸುಮ್ಮನೆ ಹೋಗಿ ಕೂರುವ ಹಾಗಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ದಿನ ಹಿರಿಯರ ಕಟ್ಟೆಯ ಮೇಲೆ ಬಂದು, ಕೈಯಲ್ಲಿ ಒಂದು ಕಲ್ಲು ಹಿಡಿದು, ನಾಲ್ಕು ಪ್ರಶ್ನೆಗೆ ಉತ್ತರ ಹೇಳಬೇಕು. ಈ ಕಲ್ಲಿನ ಹೆಸರೇನು, ಹೆಸರಿನ ಅರ್ಥವೇನು, ಎಲ್ಲಿಂದ ಬಂತು, ನೀನು ಯಾರ ಮಗ. ಆಮೇಲೆ ಎಲ್ಲರ ಎದುರಿಗೆ ಆ ಕಲ್ಲನ್ನು ತಿಕ್ಕಿ ತೋರಿಸಬೇಕು. ಮೂರು ವರ್ಷ ಬರಿದಾಗಿದ್ದ ಸಾಣೆ ಹತ್ತಿರದ ನೆಂಟರ ಪಾಲು. ನೀಲವ್ವನ ಮೈದುನನ ಮಗ ಕಾಡಪ್ಪ ಆಗಲೇ ದಿನಕ್ಕೊಂದು ಸಲ ಬಂದು, ಗೋಣಿತಟ್ಟು ಎತ್ತಿ ನೋಡಿ, ದೊಡ್ಡವ್ವಾ ಇದಕ್ಕ ಎಣ್ಣಿ ಬಿಡಬೇಕಿತ್ತು ಅಂತ ಕಾಳಜಿ ತೋರಿಸಿ ಹೋಗುತ್ತಿದ್ದ. ಅಮಾವಾಸ್ಯೆಗೆ ಉಳಿದದ್ದು ಹನ್ನೆರಡು ದಿನ.

ನೀಲವ್ವ ಕಲ್ಲನ್ನು ಗಡಿಗೆಯಿಂದ ತೆಗೆದಳು. ಊರವರಿಗೆ ಅದು ಬರೀ ಪಟ್ಟೆಗಲ್ಲು. ಕಟ್ಟೆಯ ಮೇಲೆ ಅಷ್ಟು ಅಂದರೆ ಸಾಲದು, ಅಸಲು ಹೆಸರು ಬೇಕು. ಅದು ಗೊತ್ತಿದ್ದವರು ಒಬ್ಬರೇ, ಹರಳಿನ ವ್ಯಾಪಾರಕ್ಕೆ ಹಡಗು ಹತ್ತಿ ಇಳಿದು ಬಂದ ಮುದುಕ ಖಾಜೇಸಾಬರು. ಮಗನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದಳು.

"ಸಾಬರ ಕಡೆ ಹೋಗಿ ಈ ಕಲ್ಲಿನ ಹೆಸರು, ಅರ್ಥ ಕೇಳಿಕೊಂಡು ಬಾ. ದಾರಿಯಾಗ ಯಾರ ಜೋಡಿನೂ ಮಾತಾಡಬ್ಯಾಡ. ಮಾತಾಡಿದ್ರ ಹೇಳಿದ್ದು ಮರೀತಿ."

"ಆತವ್ವ," ಅಂದ ಮುದಕಪ್ಪ.

ಖಾಜೇಸಾಬರು ಹಗಲು ಹೊತ್ತು ಮನೆಯೊಳಗೆ ಕೂರುವವರಲ್ಲ. ದಾರಿಯ ಬದಿಯ ಬೇವಿನ ಮರದ ಕೆಳಗೆ ಹೊರಸು ಹಾಕಿಕೊಂಡು ಕೂರುವವರು. ದಾರಿಯಲ್ಲಿ ಇದ್ದವರ ಜೊತೆ ಮಾತಾಡುವ ಹಾಗಿಲ್ಲವಲ್ಲ. ಮುದಕಪ್ಪ ಹೋಗಿ ಎದುರಿಗೆ ನಿಂತ. ಬಾರಪ್ಪಾ ಅಂದರು. ನಿಂತೇ ಇದ್ದ. ಏನು ಬೇಕು ಅಂದರು. ಕಲ್ಲು ತೋರಿಸಿದ. ಮಾರಾಕ ತಂದಿಯೇನು ಅಂದರು. ತುಟಿ ಬಿಗಿದುಕೊಂಡು ಕಣ್ಣು ಅರಳಿಸಿದ. ಸಾಬರು ಗಾಬರಿಯಾಗಿ ಮನೆಯವರನ್ನು ಕೂಗಿದರು. ಸಾಬರ ಹೆಂಡತಿ ಬಂದು ನಾಲಗೆ ಹೊರಗೆ ಹಾಕು ಅಂದರು. ಹಾಕಿದ. ಜೇನುತುಪ್ಪ ಸವರಿದರು. ಚಪ್ಪರಿಸಿದ. ಪಾಪ, ಅಪ್ಪ ಹೋದ ದುಃಖ ಮೂರು ವರ್ಷದ ಮೇಲೆ ಬಾಯಿಗೆ ಬಂದು ಕಟ್ಟಿದೆ ಅಂತ ಇಬ್ಬರೂ ಮರುಗಿ, ತೋಳಿಗೊಂದು ತಾಯಿತ ಕಟ್ಟಿ ಕಳಿಸಿದರು.

ಅವನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ನೀಲವ್ವನ ಮಗನ ಮಾತು ನಿಂತು ಹೋಯಿತಂತೆ. ಓಣಿಯ ಹೆಂಗಸರು ಕೈಕೆಲಸ ಬಿಟ್ಟು ಬಂದು ಅವಳ ಕಟ್ಟೆಯ ಮೇಲೆ ಕೂತು ಅಳುವುದಕ್ಕೆ ಶುರು ಮಾಡಿದ್ದರು. ನೀಲವ್ವನೂ ಸೇರಿಕೊಂಡು ಅತ್ತಳು. ಅಷ್ಟರಲ್ಲಿ ಮುದಕಪ್ಪ ಬಂದ, ಹೊಸ್ತಿಲು ದಾಟಿದ, ದಾರಿ ಮುಗಿಯಿತು.

"ಅವ್ವಾ, ಹಸಿವ್ಯಾಗೇದ," ಅಂದ.

ಅಳುತ್ತಿದ್ದವರು ಅಳು ನಿಲ್ಲಿಸಿದರು. ಏನಾಯಿತು ಎಂದು ಅವನೇ ಬಿಡಿಸಿ ಹೇಳಿದ. ಒಬ್ಬಳು ಕೆಮ್ಮಿದಳು, ಒಬ್ಬಳು ಎದ್ದು ಸೀರೆ ಕೊಡವಿಕೊಂಡಳು, ಮೂಲೆ ತಿರುಗುವವರೆಗೂ ತಡೆದುಕೊಂಡಿದ್ದ ನಗು ಮೂಲೆ ತಿರುಗಿದ ಮೇಲೆ ಕೇಳಿಸಿತು. ನೀಲವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಅವತ್ತು ಹಣೆಯವರೆಗೆ. ನೆನಪಿರಲಿ.

"ಬಾಯಿ ಇರೋದು ಯಾತಕ್ಕೋ?" ಅಂತ ಬೈದಳು. "ಸಾಬರ ಮುಂದ ಬಾಯಿ ತೆರಿ. ಅವರು ಹೇಳಿದ್ದನ್ನ ದಾರಿ ತುಂಬ ಜೋರಾಗಿ ಹೇಳಿಕೋತ ಬಾ. ಮನಿ ಮುಟ್ಟೋತನಕ ನಿಲ್ಲಿಸಬ್ಯಾಡ."

"ಆತವ್ವ."

ಮರುದಿನ ಹೋದ. ಬಾಯಿ ತೆರೆದ. ಸಾಬರಿಗೆ ತಮ್ಮ ಜೇನುತುಪ್ಪದ ಮೇಲೆಯೇ ಅಭಿಮಾನ ಉಕ್ಕಿ, ಕೂರಿಸಿಕೊಂಡು ಎಲ್ಲಾ ಹೇಳಿದರು. ಈ ಕಲ್ಲಿಗೆ ಹಡಗಿನ ಮಂದಿ ಓನಿಕ್ಸ್ ಅನ್ನುತ್ತಾರೆ. ಅದು ಗ್ರೀಕರ ಮಾತು, ಅವರ ಭಾಷೆಯಲ್ಲಿ ಹಾಗಂದರೆ ಉಗುರು. ಉಗುರಿನ ಬುಡದಲ್ಲಿ ಬೆಳ್ಳಗೆ ಒಂದು ಗೆರೆ ಇರುತ್ತದಲ್ಲ, ಹಾಗೆ ಈ ಕಲ್ಲಿಗೂ ಗೆರೆ ಇರುವುದರಿಂದ ಆ ಹೆಸರು. ಅದಕ್ಕೊಂದು ಕತೆಯೂ ಇದೆ. ನಮಗೆ ರತಿ ಮನ್ಮಥ ಇದ್ದ ಹಾಗೆ ಅವರಿಗೂ ಇದ್ದಾರೆ, ಅಲ್ಲಿ ಮಾತ್ರ ಅವಳು ತಾಯಿ, ಅವನು ಮಗ. ಒಂದು ದಿನ ದೇವಿ ಸಿಂಧೂ ಹೊಳೆಯ ದಂಡೆಯಲ್ಲಿ ಮಲಗಿ ನಿದ್ದೆ ಹೋಗಿದ್ದಾಗ ಆ ತುಂಟ ಮಗ ಬಾಣದ ತುದಿಯಿಂದ ಅವಳ ಉಗುರು ಕತ್ತರಿಸಿಬಿಟ್ಟ. ಉಗುರು ಹೊಳೆಗೆ ಬಿತ್ತು. ದೇವಿಯ ಮೈಯಿಂದ ಬಂದದ್ದು ಕೊಳೆಯಬಾರದಲ್ಲ, ಕಲ್ಲಾಯಿತು. ಅದೇ ಇದು.

ಮುದಕಪ್ಪನಿಗೆ ಕತೆ ಬಹಳ ಹಿಡಿಸಿತು. ಎದ್ದವನೇ ಜೋರಾಗಿ ಹೇಳಿಕೊಂಡು ಹೊರಟ. "ಮಲಗಿದ್ಲು, ಕತ್ತರಿಸಿದ್ರು, ಹೊಳಿಗೆ ಬಿತ್ತು, ಕಲ್ಲಾತು. ಮಲಗಿದ್ಲು, ಕತ್ತರಿಸಿದ್ರು, ಹೊಳಿಗೆ ಬಿತ್ತು, ಕಲ್ಲಾತು."

ದಾರಿಯಲ್ಲಿ ಕಾಡಪ್ಪನ ಮನೆ. ಅವತ್ತು ಕಾಡಪ್ಪನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ. ಪಡಸಾಲೆ ತುಂಬ ಹೆಂಗಸರು. ಕಾಡಪ್ಪನ ಹೆಂಡತಿಯ ತವರಿನಿಂದ ಗಾಡಿ ತುಂಬ ಬೀಗರು ಬಂದಿದ್ದರು. ನೀಲವ್ವನೂ ಹೋಗಿ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದಳು. ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು, ಹೇಳಿದ ಕೂಡಲೇ ಉಳಿದವರು ಅವಳ ಬೆನ್ನಿಗೆ ಗುದ್ದಬೇಕು, ಅದು ಪದ್ಧತಿ. ಅವಳು ಬಗ್ಗಿದಳು. ಎಲ್ಲರೂ ಮುಷ್ಟಿ ಎತ್ತಿ ಸುಮ್ಮನಾದರು. ಆ ಸುಮ್ಮನಿರುವಿಕೆಯಲ್ಲಿ ಬಾಗಿಲಿನಿಂದ ಕೇಳಿಸಿತು.

"ಹೊಳಿಗೆ ಬಿತ್ತು, ಕಲ್ಲಾತು."

ತೊಟ್ಟಿಲ ಮುಂದೆ ಆಡುವ ಮಾತೇ ಅದು? ಬಾಣಂತಿ ಕೂಸನ್ನು ಎದೆಗೆ ಅವಚಿಕೊಂಡು ಅತ್ತಳು. ಸೋದರತ್ತೆಯ ಬೆನ್ನಿಗೆ ಅಂತ ಎತ್ತಿದ್ದ ಮುಷ್ಟಿಗಳೆಲ್ಲಾ ಮುದಕಪ್ಪನ ಬೆನ್ನಿನ ಮೇಲೆ ಇಳಿದವು. ಮನೆ ಮುಟ್ಟುವ ತನಕ ನಿಲ್ಲಿಸಬೇಡ ಅಂದಿದ್ದಾಳೆ ಅವ್ವ, ಹೀಗಾಗಿ ಅವನು ಒಂದೊಂದು ಗುದ್ದಿಗೂ ಒಂದೊಂದು ಸಲ ಹೇಳಿದ. "ಮಲಗಿದ್ಲು, ಕತ್ತರಿಸಿದ್ರು."

ಬೀಗರ ಕಡೆಯ ಹಿರಿಯ ಹೆಂಗಸು ನೀಲವ್ವನ ಕಡೆ ತಿರುಗಿ ಕೇಳಿದಳು. "ಯಾರ ಮಗನವ್ವಾ ಇವ?"

ನೀಲವ್ವನ ಕೈಯಲ್ಲಿ ತೊಟ್ಟಿಲ ಹಗ್ಗ. ಊರ ಹೆಂಗಸರೆಲ್ಲಾ ನೆಲ ನೋಡಿದರು. "ಯಾರವನೋ, ಗೊತ್ತಿಲ್ಲವ್ವ," ಅಂದಳು ನೀಲವ್ವ. ಅಂದ ಮೇಲೆ ಸೆರಗನ್ನು ಮೂಗಿನವರೆಗೆ ಎಳೆದುಕೊಂಡಳು. ಹಗ್ಗ ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅಂಗೈಯಲ್ಲಿ ಅದರ ಹುರಿ ಮೂಡಿತ್ತು. ಸಂಜೆ ಅದೇ ಕೈಯಿಂದ ಮಗನ ಬೆನ್ನಿಗೆ ಅರಿಸಿನ ಎಣ್ಣೆ ತಿಕ್ಕಿದಳು.

ತಿಕ್ಕುತ್ತಾ ಬೈದಳು. "ಇನ್ನ ಈ ಮಾತು ಬಾಯಿಲೆ ಆಡಬ್ಯಾಡ. ಯಾರರ ಅರ್ಥ ಏನಂತ ಕೇಳಿದ್ರ ಸುಮ್ಮನ ಉಗುರು ತೋರಸು. ಏನ ಮಾಡಿದ್ರೂ ಮಂದಿಗೆ ಕೇಳಸಬಾರದು, ಕಾಣಸಬಾರದು."

"ಆತವ್ವ."

ಹೆಸರು ಸಿಕ್ಕಿತ್ತು, ಅರ್ಥ ಸಿಕ್ಕಿತ್ತು. ಉಳಿದದ್ದು ಕಲ್ಲಿನ ಮೆರುಗು. ಜೋಳದಲ್ಲಿ ಹೂತು ಹೂತು ಕಪ್ಪು ಮಾಸಿತ್ತು. ಪಟ್ಟೆಗಲ್ಲನ್ನು ಬೆಲ್ಲದ ಪಾಕದಲ್ಲಿ ನೆನೆಹಾಕಿದರೆ ಸಿಹಿ ಒಳಗೆ ಇಳಿಯುತ್ತದೆ, ಆಮೇಲೆ ಕಾಯಿಸಿದರೆ ಇಳಿದ ಸಿಹಿ ಸುಟ್ಟು ಕಪ್ಪು ಕಡುಗಪ್ಪಾಗುತ್ತದೆ, ಬಿಳಿ ಗೆರೆ ಬಿಳಿಯಾಗಿಯೇ ಉಳಿದು ಎದ್ದು ಕಾಣುತ್ತದೆ. ಇದು ಸಾಣಿಕೊಪ್ಪದ ಕೂಸಿಗೂ ಗೊತ್ತಿದ್ದ ಕೆಲಸ. ಅಮಾವಾಸ್ಯೆಗೆ ಮೂರು ದಿನ ಇದೆ ಅನ್ನುವಾಗ ನೀಲವ್ವ ಹೊಳೆಗೆ ಹೋಗುತ್ತಾ, ಈ ಕಲ್ಲನ್ನ ಬೆಲ್ಲದ ಪಾಕದಾಗ ಮುಳುಗಿಸಿ ಇಡು ಅಂತ ಹೇಳಿ ಹೋದಳು. ಗೂಡಿನಲ್ಲಿ ಬೆಲ್ಲದ ಉಂಡೆ ಇಟ್ಟಿದ್ದಳು.

ಮುದಕಪ್ಪ ಗೂಡು ನೋಡಿದ. ಬೆಲ್ಲ ಇತ್ತು, ಪಾಕ ಇರಲಿಲ್ಲ. ಅವ್ವ ಹೇಳಿದ್ದು ಪಾಕ. ಎದುರು ಮನೆಯಿಂದ ಘಮಘಮ ಬರುತ್ತಿತ್ತು. ಅದು ಕಟ್ಟೆಯ ಹಿರಿಯ ದುಂಡಪ್ಪಜ್ಜನ ಮನೆ. ಅಲ್ಲಿ ಅಜ್ಜನ ಸೊಸೆ ಹಬ್ಬಕ್ಕೆ ಶೇಂಗಾ ಉಂಡಿ ಕಟ್ಟಲು ಕಡಾಯಿ ತುಂಬ ಪಾಕ ಹಿಡಿಯುತ್ತಿದ್ದಳು. ಮುದಕಪ್ಪ ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತ. ಹಿಂಗ ಬಂದು ನಿಂತರ ಏನರ್ಥವೋ ತಮ್ಮಾ ಅಂತ ಅವಳು ಕೇಳಿದಳು. ಅರ್ಥ ಕೇಳಿದಳಲ್ಲ, ಅವನು ಕಿರುಬೆರಳಿನ ಉಗುರು ತೋರಿಸಿದ. ಉಗುರಿನಷ್ಟು ಬೆಲ್ಲ ಕೇಳುತ್ತಿದ್ದಾನೆ ಪಾಪ ಅಂತ ಅವಳು ಮುರಿದುಕೊಡಲು ಆಕಡೆ ತಿರುಗಿದಳು. ಇವನು ಕಲ್ಲನ್ನು ಕಡಾಯಿಗೆ ಬಿಟ್ಟ. ಕೇಳಿಸಲಿಲ್ಲ, ಕಾಣಿಸಲಿಲ್ಲ. ಬೆಲ್ಲ ತಿಂದುಕೊಂಡು ಮನೆಗೆ ಬಂದ.

ಇತ್ತ ಸೊಸೆ ಪಾಕಕ್ಕೆ ಶೇಂಗಾದ ಪುಡಿ ಸುರಿದು, ಕಲಸಿ, ಉಂಡಿ ಕಟ್ಟಿದಳು. ಇಪ್ಪತ್ತು ಕಟ್ಟಿದಳು, ಇಪ್ಪತ್ತೊಂದನೆಯದು ಕಟ್ಟುವ ಮೊದಲೇ ಗುಂಡಗಿತ್ತು. ಒಳ್ಳೇದಾಯಿತು ಅಂತ ಅದರ ಮೇಲೆ ಇನ್ನೊಂದು ಹಿಡಿ ಮೆತ್ತಿದಳು. ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಚೆಂದದ್ದು. ಮನೆಯ ಹಿರಿಯರಿಗೆ ಅಂತ ಅದನ್ನೇ ಎತ್ತಿ ಕೊಟ್ಟಳು.

ದುಂಡಪ್ಪಜ್ಜನಿಗೆ ಉಳಿದಿದ್ದದ್ದು ಎರಡು ಹಲ್ಲು. ಆ ಸಂಜೆ ಅಜ್ಜ ಕೋಲೂರಿಕೊಂಡು ನೀಲವ್ವನ ಮನೆಗೆ ಬಂದು, ಎರಡೂ ಅಂಗೈ ಚಾಚಿ ನಿಂತ. ಒಂದರಲ್ಲಿ ಕಲ್ಲು, ಒಂದರಲ್ಲಿ ಹಲ್ಲು.

"ನೀಲವ್ವಾ, ಇದರಾಗ ಒಂದು ನಂದು, ಒಂದು ನಿಂದು. ನಿಂದು ಯಾವುದು ಆರಿಸಿಕೋ."

ಅಜ್ಜ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಕಲ್ಲು ತೆಗೆದುಕೊಂಡಳು. ಅಜ್ಜ ಹಲ್ಲನ್ನು ಜೇಬಿಗೆ ಹಾಕಿಕೊಂಡು, ಬೆಂದು ಒಳ್ಳೇ ಕಪ್ಪು ಬಂದೈತಿ ನೋಡು ಅಂತ ಕಲ್ಲಿನ ಕಡೆ ಬೆರಳು ತೋರಿಸಿ ಹೋದ. ಓಣಿಯ ಆಚೆ ತುದಿಯಲ್ಲಿ ಕಾಡಪ್ಪ ನಿಂತು ನಗುತ್ತಿದ್ದ. ನೀಲವ್ವ ಸೆರಗನ್ನು ಗದ್ದದವರೆಗೆ ಎಳೆದುಕೊಂಡಳು. ಅಲ್ಲಿಗೆ ಮುಖ ಪೂರ್ತಿ ಮುಚ್ಚಿತು. ಆ ಸೆರಗಿನ ಒಳಗಿಂದಲೇ ಮಗನಿಗೆ ಹೇಳಿದಳು.

"ಇನ್ನ ಮ್ಯಾಲ ಯಾರರ ಕೇಳಿದ್ರ ನೀ ಯಾರ ಮಗ ಅಂತ ಹೇಳಬ್ಯಾಡ. ನನ್ನಿಂದ ಹತ್ತ ಹೆಜ್ಜಿ ದೂರ ಇರು."

ಮುದಕಪ್ಪ ಯೋಚನೆ ಮಾಡಿದ. "ಅಪ್ಪನ ಹೆಸರ ಹೇಳಬಹುದೇನವ್ವಾ?"

"ಅದೂ ಬ್ಯಾಡ."

"ಆತವ್ವ," ಅಂದ. ಮನೆಯ ಉದ್ದ ಎಂಟೇ ಹೆಜ್ಜೆ ಇತ್ತು. ಅವನು ಗಂಗಾಳ ಎತ್ತಿಕೊಂಡು ಹೊರಗೆ ಹೋಗಿ, ಹೆಜ್ಜೆ ಎಣಿಸಿ, ಬೀದಿಯಲ್ಲಿ ಕೂತು ರೊಟ್ಟಿ ಉಂಡ. ಪಲ್ಯ ಬೇಕೇನು ಅಂತ ಅವಳು ಒಳಗಿಂದ ಕೇಳಿದಳು. ಅವನು ಆಚೆ ಈಚೆ ನೋಡಿ, ಬೇರೆ ಯಾರೋ ಹೆಂಗಸು ಕೇಳಿದಳೇನೋ ಎಂಬಂತೆ, ಹೂಂ ರೀ ಅಂದ. ನೀಲವ್ವ ತನ್ನ ಪಾಲಿನ ರೊಟ್ಟಿ ಮುಚ್ಚಿಟ್ಟಳು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇನ್ನು ಮೂರೇ ದಿನ, ಅಮಾವಾಸ್ಯೆ ಕಳೆಯಲಿ ಅಂತ ಅಂದುಕೊಂಡಳು.

ಅಮಾವಾಸ್ಯೆಯ ಬೆಳಿಗ್ಗೆ ಊರೆಲ್ಲಾ ಕಟ್ಟೆಯ ಸುತ್ತ ಸೇರಿತು. ಗೋಣಿತಟ್ಟು ತೆಗೆದ ಸಾಣೆಯನ್ನು ಕಾಡಪ್ಪನೇ ಹೊತ್ತು ತಂದು ಇಟ್ಟಿದ್ದ, ಆಮೇಲೆ ತನ್ನ ಮನೆಗೆ ಒಯ್ಯುವುದು ಸುಲಭವಾಗಲಿ ಎಂದು. ನೀಲವ್ವ ಹೆಂಗಸರ ಸಾಲಿನಲ್ಲಿ ಕೂತಳು, ಸೆರಗು ಗದ್ದದ ಮೇಲೆ. ಮುದಕಪ್ಪ ಅವಳಿಂದ ಹತ್ತು ಹೆಜ್ಜೆ ಅಳೆದು ನಿಂತ. ಪುಣ್ಯಕ್ಕೆ ಆ ಹತ್ತನೆಯ ಹೆಜ್ಜೆ ಸಾಣೆಯ ಹತ್ತಿರವೇ ಬಿತ್ತು.

ದುಂಡಪ್ಪಜ್ಜ ಉಳಿದ ಒಂದು ಹಲ್ಲಿನಲ್ಲಿ ಪ್ರಶ್ನೆ ಶುರು ಮಾಡಿದ. ಕಲ್ಲಿನ ಹೆಸರೇನು?

"ಓನಿಕ್ಸ್," ಅಂದ ಮುದಕಪ್ಪ. ಖಾಜೇಸಾಬರು ಹೌದೌದು ಅಂತ ಗಡ್ಡ ನೀವಿಕೊಂಡರು.

ಅದರ ಅರ್ಥವೇನು?

ಮುದಕಪ್ಪ ಹೆಬ್ಬೆರಳು ಎತ್ತಿ ಅಜ್ಜನ ಮೂಗಿನ ಮುಂದೆ ಹಿಡಿದ. ಜನ ಗೊಳ್ಳೆಂದು ನಕ್ಕರು. ಅಜ್ಜ ಕಣ್ಣು ಕಿರಿದು ಮಾಡಿ ಆ ಉಗುರನ್ನು ನೋಡಿದ, ಬುಡದ ಬಿಳಿ ಗೆರೆ ನೋಡಿದ, ಕಲ್ಲು ನೋಡಿದ. "ನಗಬ್ಯಾಡ್ರಿ. ಸರಿ ಐತಿ," ಅಂದ. ಸೆರಗಿನ ಒಳಗೆ ನೀಲವ್ವ ಉಸಿರು ಬಿಟ್ಟಳು.

"ಎಲ್ಲಿಂದ ಬಂತು ಇದು?"

"ನಿಮ್ಮ ಬಾಯಾಗಿಂದ, ಅಜ್ಜಾರ."

ಬಿಟ್ಟ ಉಸಿರನ್ನು ನೀಲವ್ವ ತಿರುಗಿ ಎಳೆದುಕೊಂಡಳು. ಈ ಸಲದ ನಗು ಹೊಳೆಯ ಆಚೆ ದಂಡೆಗೂ ಕೇಳಿಸಿರಬೇಕು. ಅಜ್ಜ ಮಾತ್ರ ನಗದೆ ಮುಂದಿನದು ಕೇಳಿದ.

"ಅದಕ್ಕಿಂತ ಮೊದಲು?"

"ಪಾಕದಾಗಿಂದ."

"ಅದಕ್ಕಿಂತ ಮೊದಲು?"

"ಜ್ವಾಳದ ಗಡಿಗ್ಯಾಗಿಂದ."

"ಅದಕ್ಕಿಂತ ಮೊದಲು?"

"ಅಪ್ಪನ ಕೈಯಾಗಿಂದ," ಅಂದ ಮುದಕಪ್ಪ. "ಅವ ಹೊಳಿಯಾಗಿಂದ ತಂದಿದ್ದ. ಮೊಣಕಾಲಮಟ ನೀರಿತ್ತು. ನಾನೂ ಇದ್ದೆ."

ನಗು ನಿಂತಿತು. ಇದು ನೀಲವ್ವನಿಗೂ ಗೊತ್ತಿರಲಿಲ್ಲ. ಅಜ್ಜ ತಲೆಯಾಡಿಸಿ, ಇದೂ ಸರಿ ಐತಿ ಅಂದ. ಮೂರು ಪ್ರಶ್ನೆ ಮುಗಿದವು. ಉಳಿದದ್ದು ಊರಿಗೆಲ್ಲಾ ಉತ್ತರ ಗೊತ್ತಿದ್ದ ಪ್ರಶ್ನೆ. ಕಾಡಪ್ಪನ ಮುಖ ಸಣ್ಣದಾಯಿತು.

"ನೀ ಯಾರ ಮಗ?"

"ಹೇಳಬಾರದು ಅಂದಾರ್ರೀ."

"ಯಾರು ಅಂದಾರ?"

"ಅದನ್ನ ಹೇಳಿದ್ರ ಇದನ್ನೂ ಹೇಳಿದಂಗ ಆಗತೈತ್ರಿ."

ಕಾಡಪ್ಪನ ಮುಖ ತಿರುಗಿ ಅರಳಿತು. ಕಟ್ಟಳೆ ಅಂದರೆ ಕಟ್ಟಳೆ. ಊರಿಗೆ ಗೊತ್ತಿದ್ದರೆ ಸಾಲದು, ಕಟ್ಟೆಯ ಮೇಲೆ ಬಾಯಿಂದ ಬರಬೇಕು. ಅವನೇ ಹೇಳಬೇಕು, ಇಲ್ಲ ಅವನ ಕಡೆಯವರು ಎದ್ದು ಇವ ನಮ್ಮವ ಅನ್ನಬೇಕು. ಅಜ್ಜ ಹೆಂಗಸರ ಸಾಲಿನ ಕಡೆ ನೋಡಿದ. ಎಲ್ಲರೂ ನೋಡಿದರು. ಅಷ್ಟು ಜನರ ಕಣ್ಣು ಒಂದೇ ಸಲ ಸೆರಗಿನ ಮೇಲೆ ಬಿದ್ದದ್ದು ನೀಲವ್ವನಿಗೆ ಬಟ್ಟೆಯ ಒಳಗಿಂದಲೇ ತಿಳಿಯಿತು. ಎದ್ದರೆ ಓಣಿಯ ಹೆಂಗಸರ ನಗು, ತೊಟ್ಟಿಲ ಮುಂದಿನ ಸುಳ್ಳು, ಅಜ್ಜನ ಹಲ್ಲು ಎಲ್ಲಾ ಅವಳ ಜೊತೆಗೇ ಎದ್ದು ನಿಲ್ಲುತ್ತವೆ. ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದು ಕೂತೇ ಇದ್ದಳು.

ಅಜ್ಜ ದೊಡ್ಡ ಮನುಷ್ಯ. ಅವಳಿಗೆ ಹೊತ್ತು ಸಿಗಲಿ ಅಂತ, ಅದು ಆಮ್ಯಾಲ ಆಗಲಿ, ಮೊದಲು ಕಲ್ಲು ಹಿಡಿ ಅಂದ.

"ಮುಖ ಕಾಣೋತನಕ ತಿಕ್ಕು. ಮುಖ ಕಂಡಿತೋ, ನಿಲ್ಲಸು."

"ಆತ್ರಿ," ಅಂದ ಮುದಕಪ್ಪ.

ಅವನು ಕೂತು ಸಾಣೆ ತುಳಿದ. ಅಪ್ಪ ತುಳಿಯುತ್ತಿದ್ದ ಹಾಗೆಯೇ, ಎರಡು ಉದ್ದ ಒಂದು ಗಿಡ್ಡ. ಕಲ್ಲು ಹಿಡಿದ. ಊರವರು ಒಬ್ಬರನ್ನೊಬ್ಬರು ನೋಡಿಕೊಂಡರು. ಹೊತ್ತು ಏರುವುದರೊಳಗೆ ಕಲ್ಲು ಕನ್ನಡಿಯ ಹಾಗೆ ಹೊಳೆಯಿತು. ಅಜ್ಜ ಬಗ್ಗಿ ನೋಡಿದ, ತನ್ನ ಒಂದು ಹಲ್ಲೂ ಅದರಲ್ಲಿ ಕಂಡಿತು.

"ಸಾಕಲ್ಲೋ, ಮುಖ ಕಾಣತೈತಿ."

ಮುದಕಪ್ಪ ತಲೆಯೆತ್ತಿ ಹೆಂಗಸರ ಸಾಲಿನ ಕಡೆ ನೋಡಿದ. "ಇನ್ನೂ ಕಾಣವಲ್ದರಿ," ಅಂದು ತಿಕ್ಕಿದ.

ಅಜ್ಜನಿಗೆ ಅರ್ಥವಾಗಲಿಲ್ಲ. ಮುದಕಪ್ಪ ತಿಕ್ಕಿದ. ಮೊದಲ ಬಿಳಿ ಗೆರೆ ಪುಡಿಯಾಗಿ ಗಾಳಿಗೆ ಹಾರಿತು. ತಲೆಯೆತ್ತಿ ನೋಡಿದ, ಇನ್ನೂ ಕಾಣವಲ್ದು. ತಿಕ್ಕಿದ. ಎರಡನೆಯ ಗೆರೆ ಹೋಯಿತು. ನಿಂಬೆಕಾಯಿಯಷ್ಟಿದ್ದದ್ದು ಮಧ್ಯಾಹ್ನಕ್ಕೆ ಅಡಿಕೆಯಷ್ಟಾಯಿತು, ಅಡಿಕೆಯಷ್ಟಾದದ್ದು ಹೊತ್ತು ವಾಲುವುದರೊಳಗೆ ಹುಣಸೆಬೀಜದಷ್ಟಾಯಿತು. ಅಷ್ಟು ಬೇಗ ಕಲ್ಲು ಸವೆಯುತ್ತದೆಯೇ ಅಂತ ಕೇಳುವವರು ಒಂದು ಕಲ್ಲು ತಂದು ತಿಕ್ಕಿ ನೋಡಿ, ಆಮೇಲೆ ನನ್ನ ಹತ್ತಿರ ಬನ್ನಿ. ಕೂತವರು ಎದ್ದು ನಿಂತರು. ಹುಚ್ಚು ಹಿಡಿದಿದೆ, ಕೈ ಹಿಡಿದು ನಿಲ್ಲಿಸಿ ಅಂದರು. ಖಾಜೇಸಾಬರು ಎದೆ ಹಿಡಿದುಕೊಂಡರು. ತಿಕ್ಕುವಾಗ ಮುಟ್ಟುವ ಹಾಗಿಲ್ಲ ಅಂತ ಕಾಡಪ್ಪ ಕಟ್ಟಳೆ ನೆನಪಿಸಿದ.

ಯಾರ ಮುಖ ಕಾಣಬೇಕೋ ನಿನಗ ಅಂತ ಅಜ್ಜ ಕೊನೆಗೆ ಕೂಗಿ ಕೇಳಿದ. ಮುದಕಪ್ಪ ಬಾಯಿ ತೆರೆದ, ನೆನಪಾಗಿ ಮುಚ್ಚಿಕೊಂಡ. ಹೇಳಬಾರದಲ್ಲ.

ಆದರೆ ಅವನು ತಲೆಯೆತ್ತಿ ನೋಡುವುದು ಎಲ್ಲಿಗೆ ಅಂತ ನೀಲವ್ವ ಬೆಳಿಗ್ಗೆಯಿಂದ ಸೆರಗಿನ ನೂಲಿನ ಸಂದಿಯಿಂದ ನೋಡುತ್ತಲೇ ಇದ್ದಳು. ಬೇರೆ ಎಲ್ಲೋ ನೋಡುತ್ತಿದ್ದಾನೆ ಅಂತ ತನಗೆ ತಾನೇ ಹೇಳಿಕೊಂಡಿದ್ದಳು. ಗಂಡ ಮೊಣಕಾಲಮಟ ನೀರಿಗೆ ಇಳಿದು ತಂದ ಕಲ್ಲು ಪುಡಿಪುಡಿಯಾಗಿ ಅವಳ ಸೆರಗಿನ ಮೇಲೇ ಬಂದು ಕೂರುತ್ತಿತ್ತು. ಕಲ್ಲು ಉಳಿಸಬೇಕಾದರೆ ಮುಖ ತೋರಿಸಬೇಕು. ಮುಖ ತೋರಿಸಬೇಕಾದರೆ ಅವನು ತನ್ನವನು ಅನ್ನಬೇಕು.

ನೀಲವ್ವ ಎದ್ದಳು. ಸೆರಗು ಸರಿಸಿದಳು. ಗದ್ದದಿಂದ ಮೂಗಿಗೆ, ಮೂಗಿನಿಂದ ಹಣೆಗೆ, ಹಣೆಯಿಂದ ಹಿಂದಕ್ಕೆ. ಅತ್ತು ಅತ್ತು ಬಾತ ಮುಖ, ಬಿಸಿಲಿಗೆ ಕಣ್ಣು ಬಿಡಲಾಗದ ಮುಖ.

"ನನ್ನ ಮಗ್ರಿ," ಅಂದಳು. "ಅವತ್ತ ತೊಟ್ಟಿಲ ಮುಂದ ನಾ ಸುಳ್ಳ ಹೇಳಿದ್ದೆ. ಇವ ನನ್ನ ಮಗ."

ಸಾಣೆ ನಿಂತಿತು.

"ಕಂಡಿತು," ಅಂದ ಮುದಕಪ್ಪ.

ಅಜ್ಜ ಹೋಗಿ ಅವನ ಅಂಗೈ ಬಿಡಿಸಿದ. ಒಳಗೆ ಉಳಿದದ್ದು ತೆಳ್ಳಗೆ, ಬಾಗಿದ್ದು, ಬುಡದಲ್ಲಿ ಒಂದೇ ಒಂದು ಬಿಳಿ ಗೆರೆ. ಅಜ್ಜ ಅದನ್ನು ಎತ್ತಿ ತನ್ನ ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟ. ಅಳತೆ ತೆಗೆದು ಮಾಡಿದ ಹಾಗೆ ಕೂತಿತು.

"ಎಪ್ಪತ್ತ ವರ್ಷ ಸಾಣಿ ತುಳಿದೆ," ಅಂದ ಅಜ್ಜ. "ಹೆಸರಿಗೆ ತಕ್ಕ ಕಲ್ಲು ಇವತ್ತ ನೋಡಿದೆ."

ಸಾಣೆ ಮುದಕಪ್ಪನದು ಅಂತ ತೀರ್ಮಾನವಾಯಿತು. ಕಾಡಪ್ಪನೇ ಅದನ್ನು ತಿರುಗಿ ಹೊತ್ತು ನೀಲವ್ವನ ಮನೆಗೆ ಮುಟ್ಟಿಸಬೇಕಾಯಿತು. ಆದರೆ ಅಜ್ಜ ಒಂದು ಕರಾರು ಹಾಕಿದ. ಇವನು ಕಲ್ಲು ಹಿಡಿದಾಗಲೆಲ್ಲಾ ತಾಯಿ ಎದುರಿಗೆ ಕೂರಬೇಕು. ತಿಕ್ಕಬೇಕಾದಷ್ಟು ಹೊತ್ತು ಸೆರಗು ಕೆಳಗೆ, ಸಾಕಾದ ಕೂಡಲೇ ಸೆರಗು ಮೇಲೆ. ಸಾಣಿಕೊಪ್ಪದಲ್ಲಿ ಹೆಂಗಸಿಗೆ ಸಾಣೆಯ ಮುಂದೆ ಜಾಗ ಸಿಕ್ಕಿದ್ದು ಹೀಗೆ. ಬೇರೆ ಏನೋ ಕಾರಣ ಹೇಳುತ್ತಾರೆ ಈಗಿನವರು, ನಂಬಬೇಡಿ.

ಹೊತ್ತು ಇಳಿಯುವಾಗ ನೀಲವ್ವ ಮನೆಗೆ ಹೊರಟಳು, ತೆರೆದ ಮುಖದಲ್ಲಿ. ಸ್ವಲ್ಪ ದೂರ ಹೋಗಿ, ಮಗ ಜೊತೆಗೆ ಬರಲಿ ಅಂತ ನಿಂತಳು. ಮುದಕಪ್ಪನೂ ನಿಂತ, ಹತ್ತು ಹೆಜ್ಜೆ ಹಿಂದೆ. ಬಾ ಅಂತ ಕೈಮಾಡಿದಳು. ಅವನೂ ಕೈಮಾಡಿದ. ಅವಳೇ ಅವನ ಕಡೆ ಒಂದು ಹೆಜ್ಜೆ ಇಟ್ಟಳು. ಅವನು ಒಂದು ಹೆಜ್ಜೆ ಹಿಂದಕ್ಕೆ ಇಟ್ಟ. ಎರಡು ಇಟ್ಟಳು, ಎರಡು ಇಟ್ಟ. ಅವಳಿಗೆ ತಾನು ಆಡಿದ ಮಾತು ಆಗ ನೆನಪಿಗೆ ಬಂತು. ನಾಚಿಕೆಗೆ ಅದನ್ನು ಬಾಯಿಂದ ಹಿಂದಕ್ಕೆ ತೆಗೆದುಕೊಳ್ಳಲಾರದೆ ಓಡಿ ಹಿಡಿಯಲು ಹೋದಳು. ಅವನು ಹಿಮ್ಮುಖವಾಗಿ ಓಡಿದ, ಹೆಜ್ಜೆ ಎಣಿಸುತ್ತಾ. ಅವಳು ಮುಂದೆ ಮುಂದೆ, ಅವನು ಹಿಂದೆ ಹಿಂದೆ, ಹೀಗೆ ಇಬ್ಬರೂ ಮನೆ ಬಿಟ್ಟು ತಿರುಗಿ ಕಟ್ಟೆಗೇ ಬಂದು ಮುಟ್ಟಿದರು. ಊರವರು ಇನ್ನೂ ಅಲ್ಲೇ ಇದ್ದರು.

ಮತ್ಯಾಕ ಬಂದಿ ನೀಲವ್ವಾ ಅಂತ ಅಜ್ಜ ಕೇಳಿದ.

"ನನ್ನ ಮಗನ್ನ ಕರಕೊಂಡು ಹೋಗಾಕ," ಅಂದಳು ನೀಲವ್ವ, ಏದುಸಿರಿನಲ್ಲಿ, ಊರಿಗೆಲ್ಲಾ ಕೇಳುವ ಹಾಗೆ.

ಹತ್ತು ಹೆಜ್ಜೆ ಆಚೆ ನಿಂತಿದ್ದ ಮುದಕಪ್ಪನ ಮುಖ ಕಪ್ಪಿಟ್ಟಿತು. ತುಟಿಗೆ ಬೆರಳು ಒತ್ತಿಕೊಂಡು, ಅತ್ತಿತ್ತ ನೋಡಿ, ಪಿಸುಗುಟ್ಟಿದ.

"ಮೆಲ್ಲಕ, ಅವ್ವಾ. ಯಾರಿಗರ ಗೊತ್ತಾದೀತು."